“ಸ್ಕ್ರೀನ್‌ನಲ್ಲಿ ಸರಿಯಾಗೇ ಇತ್ತು ಸಾರ್!”: ಸಿಎನ್‌ಸಿ ಕೆಲಸದ ತಪ್ಪು ಕಲ್ಪನೆಗಳು

ಬೆಂಗಳೂರಿನ ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ನಾಲ್ಕಾರು ವರ್ಷ ಕಳೆದವರಿಗೆ ಒಂದು ಸದ್ದಿನ ಪರಿಚಯ ಇದ್ದೇ ಇರುತ್ತದೆ. ಟೂಲ್ ಹೋಗಿ ಕ್ಲಾಂಪಿಗೋ ಚಕ್ಕಿಗೋ ಬಡಿದಾಗ ಬರುವ ‘ಢಬ್’. ಅಕ್ಕಪಕ್ಕದ ಮಷಿನ್‌ನವರೆಲ್ಲ ಒಟ್ಟಿಗೆ ಕತ್ತು ತಿರುಗಿಸುತ್ತಾರೆ. ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಕೇಳಿಬರುವ ಮೊದಲ ಮಾತು ಹೆಚ್ಚುಕಡಿಮೆ ಇದೇ: “ಸ್ಕ್ರೀನ್‌ನಲ್ಲಿ ಸರಿಯಾಗೇ ಇತ್ತು ಸಾರ್!”

ಆ ಹುಡುಗ ಸುಳ್ಳು ಹೇಳುತ್ತಿರುವುದಿಲ್ಲ. ಸ್ಕ್ರೀನ್‌ನಲ್ಲಿ ಸರಿಯಾಗೇ ಇರುತ್ತದೆ. ನಾನು ಕಣ್ಣಾರೆ ಕಂಡ ನಷ್ಟಗಳಲ್ಲಿ ಮಷಿನ್ ಕೆಟ್ಟು ಆದದ್ದು ಕಡಿಮೆ. ಸ್ಕ್ರೀನ್ ಮೇಲಿನ ಅಂಕಿಯನ್ನೇ ಲೋಹದ ಮೇಲಿನ ಅಳತೆ ಎಂದು ನಂಬಿ ಆದದ್ದೇ ಹೆಚ್ಚು. 1953ರಲ್ಲಿ ಎಚ್‌ಎಂಟಿ ಶುರುವಾದ ಊರು ಇದು. ಲೇತ್ ಕಟ್ಟುವುದನ್ನೂ ಓಡಿಸುವುದನ್ನೂ ಮೂರು ತಲೆಮಾರು ಕಲಿತಿದೆ. ಆದರೂ ಟೀ ಅಂಗಡಿ ಮುಂದೆ ಬೈ-ಟು ಹಿಡಿದುಕೊಂಡು ಹಳಬರು ಹೊಸಬರಿಗೆ ಹೇಳಿಕೊಡುವ ಕಿವಿಮಾತುಗಳಲ್ಲಿ ಪೂರ್ತಿ ನಿಜ ಎನ್ನುವಂಥದ್ದು ಕಮ್ಮಿ. ಅಂಥ ಕೆಲವನ್ನು ಆಯ್ದು ಇಲ್ಲಿ ಬರೆದಿದ್ದೇನೆ.

ತಪ್ಪು ಕಲ್ಪನೆ: “ಸಿಎನ್‌ಸಿ ಅಂದ ಮೇಲೆ ಮೈಕ್ರಾನ್ ತಾನಾಗೇ ಬರುತ್ತೆ.”

ವಾಸ್ತವ: ಪೊಸಿಷನ್ ಪೇಜ್‌ನಲ್ಲಿ ದಶಾಂಶದ ನಂತರ ಮೂರು ಅಂಕಿ ಕಾಣುತ್ತದೆ, ಅಷ್ಟೇ. ತೂಕದ ಯಂತ್ರ ಗ್ರಾಂ ತೋರಿಸಿದ ಮಾತ್ರಕ್ಕೆ ಅಂಗಡಿಯವನು ಗ್ರಾಂ ಲೆಕ್ಕದಲ್ಲಿ ನಿಯತ್ತಿನವನು ಎಂದಾಗುವುದಿಲ್ಲವಲ್ಲ, ಹಾಗೆ. ತೋರಿಸುವ ಸೂಕ್ಷ್ಮತೆ ಬೇರೆ, ಮಾಡಿಕೊಡುವ ನಿಖರತೆ ಬೇರೆ.

ನಡುವೆ ನಿಂತಿರುವುದು ಬಿಸಿ. ಉಕ್ಕು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ, ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಹೆಚ್ಚುಕಡಿಮೆ ಅದರ ಎರಡರಷ್ಟು, 23 ಮೈಕ್ರಾನ್. ಅರ್ಧ ಮೀಟರಿನ ಬಾಲ್‌ಸ್ಕ್ರೂ 5 ಡಿಗ್ರಿ ಬಿಸಿಯಾದರೆ 30 ಮೈಕ್ರಾನ್ ಉದ್ದವಾಗಲು ಹೊರಡುತ್ತದೆ. ಸೋಮವಾರ ಬೆಳಿಗ್ಗೆಯ ಮೊದಲ ಐದಾರು ಜಾಬ್ ಒಂದು ಅಳತೆ, ಹತ್ತು ಗಂಟೆಯ ಟೀ ಹೊತ್ತಿಗೆ ಇನ್ನೊಂದು ಅಳತೆ ಬರುವುದು ಇದರಿಂದಲೇ. “ಮಷಿನ್‌ಗೆ ಇವತ್ತು ಮೂಡಿಲ್ಲ” ಎಂದು ನಾವು ನಗುತ್ತೇವೆ. ಮಷಿನ್‌ಗೆ ಬೇಕಿದ್ದದ್ದು ಹದಿನೈದು ಇಪ್ಪತ್ತು ನಿಮಿಷದ ವಾರ್ಮ್-ಅಪ್: ಸ್ಪಿಂಡಲ್ ಮೆಲ್ಲಗೆ ಏರುತ್ತ, ಆಕ್ಸಿಸ್‌ಗಳು ಪೂರ್ತಿ ಉದ್ದಕ್ಕೂ ಓಡಾಡುತ್ತ. ಅದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟುಕೊಳ್ಳಿ. ಹೆಲ್ಪರ್ ಬಂದು ಬಟನ್ ಒತ್ತಿ ಕಸ ಗುಡಿಸುವಷ್ಟರಲ್ಲಿ ಅದು ಮುಗಿದಿರುತ್ತದೆ.

ಜಾಬ್‌ನ ಬಿಸಿಯನ್ನೂ ಮರೆಯಬೇಡಿ. ಚಕ್‌ನಿಂದ ಈಗಷ್ಟೇ ಇಳಿಸಿದ 100 ಮಿ.ಮೀ. ಅಲ್ಯೂಮಿನಿಯಂ ಬಿಲ್ಲೆ ಕೋಣೆಗಿಂತ 10 ಡಿಗ್ರಿ ಬಿಸಿ ಇದ್ದರೆ 23 ಮೈಕ್ರಾನ್ ದಪ್ಪ ತೋರುತ್ತದೆ. ಅದನ್ನು ನೋಡಿ ಆಫ್‌ಸೆಟ್ ಕೊಟ್ಟಿರೋ, ಸಂಜೆ ತಣ್ಣಗಾದ ಮೇಲೆ ಇನ್‌ಸ್ಪೆಕ್ಷನ್‌ನವರು ಇಡೀ ಟ್ರೇ ವಾಪಸ್ ಕಳಿಸುತ್ತಾರೆ. ಡ್ರಾಯಿಂಗ್‌ನ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಎಂದು ಜಗತ್ತು ಒಪ್ಪಿಕೊಂಡದ್ದು 1931ರಲ್ಲಿ. ಏಪ್ರಿಲ್ ತಿಂಗಳ ಶೀಟಿನ ಶೆಡ್ಡಿಗೆ ಆ ವಿಷಯ ಇನ್ನೂ ತಲುಪಿಲ್ಲ.

ತಪ್ಪು ಕಲ್ಪನೆ: “ಸಿಮ್ಯುಲೇಶನ್ ನೋಡಿದ್ದೀನಿ, ಡ್ರೈ ರನ್ನೂ ಮಾಡಿದ್ದೀನಿ. ಇನ್ನೇನು?”

ವಾಸ್ತವ: ಸಿಮ್ಯುಲೇಶನ್ ನೋಡುವುದು ಪ್ರೋಗ್ರಾಂ ಅನ್ನು. ನೀವು ಬಿಗಿದ ಕ್ಲಾಂಪ್ ಎಷ್ಟು ಎತ್ತರ, ಜಾ ಎಷ್ಟು ಹೊರಗಿದೆ, ನಾಲ್ಕನೇ ಸ್ಟೇಷನ್‌ನ ಡ್ರಿಲ್ ಎಷ್ಟು ಚಾಚಿಕೊಂಡಿದೆ, ವರ್ಕ್ ಆಫ್‌ಸೆಟ್ ಜಿ54ರಲ್ಲಿ ನಿನ್ನೆಯ ಜಾಬ್‌ನ ಅಂಕಿ ಹಾಗೇ ಕೂತಿದೆಯೋ ಎಂಬುದು, ನೀವೇ ಕೂತು ತುಂಬಿಸದ ಹೊರತು, ಅದಕ್ಕೆ ಗೊತ್ತಿಲ್ಲ.

ನನ್ನದೇ ಒಂದು ಕಥೆ ಹೇಳುತ್ತೇನೆ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಸೇರಿದ ಹೊಸದು. ಹಳೇ ಜಾಗದ ಕಂಟ್ರೋಲರ್‌ನಲ್ಲಿ ‘ಝಡ್5’ ಎಂದು ಬರೆದರೆ 5 ಮಿ.ಮೀ. ಎಂದೇ ಅರ್ಥ. ಹೊಸ ಜಾಗದಲ್ಲಿ ಅದೇ ಮೇಕ್‌ನ ಕಂಟ್ರೋಲರ್, ಆದರೆ ಒಂದು ಪ್ಯಾರಾಮೀಟರ್ ಬೇರೆ. ಅಲ್ಲಿ ಚುಕ್ಕಿ ಇಡದೆ ಬರೆದ 5 ಅಂದರೆ 5 ಮೈಕ್ರಾನ್. ಮುಖ ಮಿಲ್ ಮಾಡಿ ಮುಗಿಸಿದ ಮೇಲೆ ‘ಜಿ00 ಝಡ್5’ ಎಂದು ಟೂಲ್ ಎತ್ತಿದೆ, ಅಂದುಕೊಂಡೆ. ಟೂಲ್ ಎದ್ದದ್ದು ಕೂದಲೆಳೆಯ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಮುಂದಿನ ಬ್ಲಾಕ್‌ನಲ್ಲಿ ಎಕ್ಸ್ ಕಡೆಗೆ ರ‍್ಯಾಪಿಡ್. ಎಂಡ್‌ಮಿಲ್ ಜಾಬ್ ಮುಖವನ್ನು ಸವರಿಕೊಂಡು ಹೋಗಿ ಕ್ಲಾಂಪ್‌ನ ಕುತ್ತಿಗೆಗೆ ಬಿತ್ತು. ಢಬ್. ಒಂದು ಚುಕ್ಕಿ. ಅಂದಿನಿಂದ ನಾನು ಪೂರ್ಣಾಂಕದ ನಂತರವೂ ಚುಕ್ಕಿ ಇಡುತ್ತೇನೆ, ಯಾವ ಕಂಟ್ರೋಲರ್ ಆದರೂ ಸರಿ. ನೀವೂ ಇಡಿ.

ಜಿ00 ಬಗ್ಗೆಯೂ ಒಂದು ನಂಬಿಕೆ ಇದೆ, ಎರಡು ಬಿಂದುಗಳ ನಡುವೆ ನೇರ ಗೆರೆಯಲ್ಲಿ ಹೋಗುತ್ತದೆ ಎಂದು. ಬಹಳಷ್ಟು ಮಷಿನ್‌ಗಳಲ್ಲಿ ಹಾಗಿಲ್ಲ. ಎಕ್ಸ್, ವೈ ಎರಡೂ ತಮ್ಮ ತಮ್ಮ ಪೂರ್ತಿ ವೇಗದಲ್ಲಿ ಹೊರಡುತ್ತವೆ. ಕಡಿಮೆ ದೂರ ಇದ್ದದ್ದು ಮೊದಲು ಮುಟ್ಟಿ ನಿಲ್ಲುತ್ತದೆ, ಉಳಿದದ್ದು ಒಂಟಿಯಾಗಿ ಸಾಗುತ್ತದೆ. ದಾರಿ ನಾಯಿಯ ಹಿಂಗಾಲಿನ ಹಾಗೆ ಮುರಿಯುತ್ತದೆ. ಮನಸ್ಸಿನಲ್ಲಿ ಎಳೆದ ನೇರ ಗೆರೆಯಿಂದ ತಪ್ಪಿಸಿಕೊಂಡ ಕ್ಲಾಂಪ್ ಈ ಮುರಿದ ಗೆರೆಗೆ ಸಿಕ್ಕಿಬೀಳುತ್ತದೆ.

ಡ್ರೈ ರನ್ ಒತ್ತಿದರೆ ಪ್ರೋಗ್ರಾಂನ ಫೀಡ್ ಅನ್ನು ಕಂಟ್ರೋಲರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಜಾಗ್ ನಾಬ್ ಹೇಳಿದ ವೇಗದಲ್ಲಿ ಓಡುತ್ತದೆ. ಜಾಬ್ ಕಟ್ಟಿಟ್ಟು ಡ್ರೈ ರನ್ ಮಾಡಿದವರು ಟೂಲ್ ಮುರಿದುಕೊಂಡದ್ದು ಈ ಕಾರಣಕ್ಕೆ. ಗಾಳಿಯಲ್ಲಿ ಓಡಿಸಬೇಕೆಂದರೆ ಜಾಬ್ ತೆಗೆಯಿರಿ, ಇಲ್ಲವೇ ವರ್ಕ್ ಆಫ್‌ಸೆಟ್‌ನ ಝಡ್ ಅನ್ನು 100 ಮಿ.ಮೀ. ಮೇಲೆ ಎತ್ತಿ ಓಡಿಸಿ. ಮುಗಿದ ಮೇಲೆ ಆ 100 ಅನ್ನು ವಾಪಸ್ ಇಳಿಸುವುದನ್ನು ಮರೆಯಬೇಡಿ. ಮರೆತರೆ ಹೆಚ್ಚೇನಿಲ್ಲ, ಮಷಿನ್ ಬಹಳ ಶ್ರದ್ಧೆಯಿಂದ ಗಾಳಿಯನ್ನು ಮಿಲ್ ಮಾಡುತ್ತದೆ.

ಮೊದಲ ಪೀಸ್‌ಗೆ ನಂಬಬಹುದಾದ ಕ್ರಮ ಹಳೆಯದೇ: ಸಿಂಗಲ್ ಬ್ಲಾಕ್ ಆನ್, ರ‍್ಯಾಪಿಡ್ 25 ಪರ್ಸೆಂಟ್‌ಗೆ ಅಥವಾ ಅದಕ್ಕೂ ಕೆಳಗೆ, ಎಡಗೈ ಫೀಡ್ ನಾಬ್ ಮೇಲೆ, ಬಲಗೈ ಫೀಡ್ ಹೋಲ್ಡ್ ಹತ್ತಿರ. ಟೂಲ್ ಜಾಬ್‌ಗೆ ಇಂಚಿನಷ್ಟು ಹತ್ತಿರ ಬಂದಾಗ ನಿಲ್ಲಿಸಿ, ‘ಡಿಸ್ಟೆನ್ಸ್ ಟು ಗೋ’ ಓದಿ. ಕಣ್ಣಿಗೆ 25 ಮಿ.ಮೀ. ಅಂತರ ಕಾಣುತ್ತಿದೆ, ಸ್ಕ್ರೀನ್ ಇನ್ನೂ 60 ಹೋಗಬೇಕು ಎನ್ನುತ್ತಿದೆ ಎಂದಾದರೆ ಎಲ್ಲೋ ಆಫ್‌ಸೆಟ್ ತಪ್ಪಿದೆ. ಪ್ರತಿ ಟೂಲ್‌ಗೂ ಹೀಗೆ ಮಾಡಿ. ಮೂರನೇ ಟೂಲ್ ಸರಿಯಾಗಿ ಹೋದ ಖುಷಿಯಲ್ಲಿ ನಾಲ್ಕನೆಯದನ್ನು ಬಿಟ್ಟುಬಿಡುವುದು ನಮ್ಮ ಜಾತಿಯ ರೋಗ.

ತಪ್ಪು ಕಲ್ಪನೆ: “ಆಫ್‌ಸೆಟ್ ಕೊಡೋದು ಅಂದ್ರೆ ನಂಬರ್ ಒತ್ತೋದು ತಾನೇ?”

ವಾಸ್ತವ: ಫಾನುಕ್ ಸ್ಕ್ರೀನ್‌ನ ಕೆಳಗೆ ಎರಡು ಕೀ ಅಕ್ಕಪಕ್ಕ ಇರುತ್ತವೆ, ‘ಇನ್‌ಪುಟ್’ ಮತ್ತು ‘ಪ್ಲಸ್ ಇನ್‌ಪುಟ್’. ಮೊದಲನೆಯದು ಹಳೇ ಅಂಕಿಯನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ. ಎರಡನೆಯದು ಹಳೆಯದಕ್ಕೆ ಕೂಡಿಸುತ್ತದೆ. ಟೂಲ್ ಸವೆತಕ್ಕೆಂದಿರುವ ವೇರ್ ಆಫ್‌ಸೆಟ್‌ನಲ್ಲಿ ಈಗ ಮೈನಸ್ 0.120 ಇದೆ, ಹೊರವ್ಯಾಸ 30 ಮೈಕ್ರಾನ್ ದಪ್ಪ ಬರುತ್ತಿದೆ ಎಂದುಕೊಳ್ಳಿ. ಮೈನಸ್ 0.030 ಬರೆದು ಪ್ಲಸ್ ಇನ್‌ಪುಟ್ ಒತ್ತಿದರೆ ಮೈನಸ್ 0.150 ಆಗುತ್ತದೆ, ಜಾಬ್ ಸರಿ ಬರುತ್ತದೆ. ಬರೀ ಇನ್‌ಪುಟ್ ಒತ್ತಿದರೆ ಅಲ್ಲಿ ಮೈನಸ್ 0.030 ಮಾತ್ರ ಉಳಿದು, ಮುಂದಿನ ಜಾಬ್ 120 ಮೈಕ್ರಾನ್ ದಪ್ಪ.

ಹೊರವ್ಯಾಸ ದಪ್ಪ ಬಂದರೆ ಪುಣ್ಯ, ಮತ್ತೆ ಕಟ್ಟಿ ಸವರಬಹುದು. ತಿರುಗುಮುರುಗು ಆದರೆ ಗುಜರಿ. ಅಂಥದ್ದು ಹೆಚ್ಚಾಗಿ ಆಗುವುದು ಟಿಪ್ ಬದಲಿಸಿದ ಮೇಲೆ. ಹಳೇ ಟಿಪ್ ಸವೆದದ್ದಕ್ಕೆಂದು ಕೊಡುತ್ತ ಬಂದ ಮೈನಸ್ ಹಾಗೇ ಕೂತಿರುತ್ತದೆ. ಹೊಸ ಟಿಪ್‌ನ ತುದಿ ಸವೆದಿಲ್ಲ, ಹಾಗಾಗಿ ಅಷ್ಟೂ ಒಳಗೆ ಹೋಗಿ ಕಚ್ಚುತ್ತದೆ. ಟಿಪ್ ತಿರುಗಿಸಿದಿರಾ? ವೇರ್ ನೋಡಿ, 0.2ರಷ್ಟು ಬಿಟ್ಟು ಒಂದು ಕಟ್ ತೆಗೆಯಿರಿ, ಅಳೆಯಿರಿ, ಆಮೇಲೆ ಸೈಜ್‌ಗೆ ತನ್ನಿ. ಒಂದು ರೂಲು ಹಾಕಿದ ಹಳೇ ನೋಟ್‌ಬುಕ್ ಮಷಿನ್ ಪಕ್ಕ ನೇತುಹಾಕಿ, ಯಾವ ಜಾಬ್ ನಂಬರ್‌ಗೆ ಎಷ್ಟು ಕೊಟ್ಟೆ ಎಂದು ಬರೆಯುವ ಅಭ್ಯಾಸ ಇಟ್ಟುಕೊಂಡರೆ ರಾತ್ರಿ ಶಿಫ್ಟಿನವನು ನಿಮಗೆ ಫೋನ್ ಮಾಡುವುದಿಲ್ಲ.

ತಪ್ಪು ಕಲ್ಪನೆ: “ನಿಧಾನಕ್ಕೆ ಓಡಿಸಿದರೆ ಟೂಲ್ ಬಾಳಿಕೆ ಬರುತ್ತೆ.”

ವಾಸ್ತವ: ಸ್ಪಿಂಡಲ್ ಸ್ಪೀಡ್ ಮಟ್ಟಿಗೆ ಈ ಮಾತಿನಲ್ಲಿ ಸತ್ಯ ಇದೆ, ಫೀಡ್ ಮಟ್ಟಿಗೆ ಇಲ್ಲ. ಈ ಎರಡನ್ನೂ ಒಂದೇ ಗಂಟು ಕಟ್ಟಿ ‘ಸ್ಪೀಡ್’ ಎನ್ನುವುದರಿಂದಲೇ ಗೊಂದಲ.

ಲೆಕ್ಕ ಹಾಕಿ ನೋಡೋಣ. 10 ಮಿ.ಮೀ. ವ್ಯಾಸದ, ನಾಲ್ಕು ಹಲ್ಲಿನ ಕಾರ್ಬೈಡ್ ಎಂಡ್‌ಮಿಲ್, ಮೈಲ್ಡ್ ಸ್ಟೀಲ್, ಕಟಿಂಗ್ ಸ್ಪೀಡ್ ನಿಮಿಷಕ್ಕೆ 100 ಮೀಟರ್. ನೂರನ್ನು ಸಾವಿರದಿಂದ ಗುಣಿಸಿ, 3.14ರಿಂದಲೂ ವ್ಯಾಸದಿಂದಲೂ ಭಾಗಿಸಿದರೆ ಸುಮಾರು 3180 ಆರ್‌ಪಿಎಂ. ಹಲ್ಲೊಂದಕ್ಕೆ 0.05 ಮಿ.ಮೀ. ಎಂದಾದರೆ ಫೀಡ್ ನಿಮಿಷಕ್ಕೆ 636 ಮಿ.ಮೀ. ಆಪರೇಟರ್‌ಗೆ ಸದ್ದು ಕೇಳಿ ಹೆದರಿಕೆಯಾಗಿ ಫೀಡ್ ನಾಬ್ ಅನ್ನು 20 ಪರ್ಸೆಂಟ್‌ಗೆ ತಿರುಗಿಸುತ್ತಾನೆ. ಈಗ ಹಲ್ಲಿಗೆ ಬರುವುದು 0.01, ಅಂದರೆ 10 ಮೈಕ್ರಾನ್. ಹೊಸ ಕಾರ್ಬೈಡ್ ಟೂಲ್‌ನ ಅಂಚು ಕೂಡ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗೇ ಇರುತ್ತದೆ, ಕೆಲವು ಮೈಕ್ರಾನ್‌ನಷ್ಟು. ಅದಕ್ಕಿಂತ ಹೆಚ್ಚೇನೂ ದಪ್ಪವಿಲ್ಲದ ಪದರವನ್ನು ಕತ್ತರಿಸಲಾಗದೆ ಹಲ್ಲು ಉಜ್ಜತೊಡಗುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಸವೆತ.

ಎಸ್‌ಎಸ್ 304ನಲ್ಲಿ ಇದು ಇನ್ನೂ ದುಬಾರಿ. ಆ ಲೋಹ ಉಜ್ಜಿಸಿಕೊಂಡಷ್ಟೂ ಗಟ್ಟಿಯಾಗುತ್ತದೆ. ಒಂದು ಹಲ್ಲು ಉಜ್ಜಿ ಗಟ್ಟಿ ಮಾಡಿಟ್ಟ ತೊಗಲನ್ನು ಮುಂದಿನ ಹಲ್ಲು ಕಡಿಯಬೇಕು. ಡ್ರಿಲ್‌ನಲ್ಲಿ ಅನುಮಾನಿಸಿ ಒಂದು ಗಳಿಗೆ ಒಳಗೇ ನಿಲ್ಲಿಸಿದಿರೋ, ತಳ ಗಾಜಿನ ಹಾಗೆ ಹೊಳೆಯುತ್ತದೆ. ಆಮೇಲೆ ಯಾವ ಡ್ರಿಲ್ಲೂ ಇಳಿಯುವುದಿಲ್ಲ. ಸದ್ದು ಹೆದರಿಸಿದರೆ ಮೊದಲು ಆರ್‌ಪಿಎಂ ಇಳಿಸಿ ನೋಡಿ, ಹಲ್ಲಿನ ಫೀಡ್ ಉಳಿಸಿಕೊಳ್ಳಿ.

ಪಕ್ಕದಿಂದ ತೆಳ್ಳಗೆ ಸವರುವಾಗ ಇನ್ನೊಂದು ಸೂಕ್ಷ್ಮ ಇದೆ. ಟೂಲ್ ವ್ಯಾಸದ ಹತ್ತನೇ ಒಂದು ಭಾಗ ಮಾತ್ರ ಒಳಹೊಕ್ಕು ಕಡಿಯುತ್ತಿದ್ದರೆ ನೀವು ಕೊಟ್ಟ 0.05 ಚಿಪ್‌ನಲ್ಲಿ ಪೂರ್ತಿ ಬರುವುದಿಲ್ಲ. ಅತಿ ದಪ್ಪ ಅಂದರೂ ಅದರ 60 ಪರ್ಸೆಂಟ್, 0.03. ಅಂಥ ಕಟ್‌ನಲ್ಲಿ ಫೀಡ್ ಏರಿಸಬಹುದು ಎನ್ನುವುದಕ್ಕಿಂತ ಏರಿಸಲೇಬೇಕು ಎನ್ನುವುದು ಸರಿ.

ತಪ್ಪು ಕಲ್ಪನೆ: “ಚಾಟರ್ ಬಂದರೆ ಮಷಿನ್ ಹಳೇದಾಗಿದೆ ಅಂತ ಅರ್ಥ.”

ವಾಸ್ತವ: ಕಡಿಯುವಾಗ ಟೂಲ್ ನಡುಗಿ ಕಿರುಚಿದರೆ, ಮಷಿನ್‌ಗೆ ಬಯ್ಯುವ ಮೊದಲು ಟೂಲ್ ಎಷ್ಟು ಹೊರಗೆ ಚಾಚಿದೆ ನೋಡಿ. ಟೂಲ್ ಬಾಗುವುದು ಉದ್ದದ ಘನಕ್ಕೆ ಅನುಗುಣವಾಗಿ. 30 ಮಿ.ಮೀ. ಚಾಚಿದ್ದನ್ನು 60 ಮಾಡಿದರೆ ಬಾಗುವುದು ಎರಡರಷ್ಟಲ್ಲ, ಎಂಟರಷ್ಟು. 40ರ ಜಾಗದಲ್ಲಿ 50 ಇಟ್ಟರೂ ಹತ್ತಿರಹತ್ತಿರ ಎರಡರಷ್ಟು. ವ್ಯಾಸದ ಲೆಕ್ಕ ಇನ್ನೂ ಉದಾರ: 10ರ ಬದಲು 12 ಮಿ.ಮೀ. ಟೂಲ್ ಹಾಕಿದರೆ ಬಾಗುವುದು ಅರ್ಧಕ್ಕೆ ಇಳಿಯುತ್ತದೆ. ಸ್ಟೀಲ್ ಬೋರಿಂಗ್ ಬಾರ್ ಅದರ ವ್ಯಾಸದ ನಾಲ್ಕರಷ್ಟು ಚಾಚುವವರೆಗೆ ಸಹಿಸುತ್ತದೆ, ಅದಕ್ಕೂ ಆಳ ಬೇಕಿದ್ದರೆ ಕಾರ್ಬೈಡ್ ಬಾರ್ ಕೇಳಿ.

ಸಾವಿರಾರು ರೂಪಾಯಿಯ ಎಂಡ್‌ಮಿಲ್ ತಂದು ಸವೆದ ಕೋಲೆಟ್‌ಗೆ ಹಾಕುವುದನ್ನು ನೋಡಿದಾಗಲೆಲ್ಲ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಮಾತು ನೆನಪಾಗುತ್ತದೆ. ಹಿಡಿತ ಸಡಿಲಾದರೂ ಟೂಲ್ ನಡುಗುತ್ತದೆ. ಕೋಲೆಟ್ ಕೂಡ ಸವೆಯುವ ಸಾಮಾನು, ಬದಲಿಸಿ.

ತಪ್ಪು ಕಲ್ಪನೆ: “ಗಟ್ಟಿಯಾಗಿ ಹಿಡಿದಷ್ಟೂ ಒಳ್ಳೇದು.”

ವಾಸ್ತವ: ಇದರ ಪಾಠವನ್ನು ನಾನು ಕಲಿತದ್ದು ಹಾವೇರಿ ಕಡೆಯ ಒಬ್ಬ ಐಟಿಐ ಹುಡುಗನ ಎದುರು, ಮುಖ ಸಣ್ಣ ಮಾಡಿಕೊಂಡು.

ಜಾಬ್ ಒಂದು ತೆಳು ಬಳೆಯಂಥದ್ದು. ಒಳಗೆ 80 ಎಚ್7 ಬೋರ್, ಅಂದರೆ 80.000ರಿಂದ 80.030 ಒಳಗೆ ಬರಬೇಕು. ಗೋಡೆ 3 ಮಿ.ಮೀ. ಮಾತ್ರ. ಮೂರು ಜಾ ಚಕ್‌ನಲ್ಲಿ ಹಿಡಿದು ಬೋರ್ ಮಾಡಿದೆವು. ಬೋರ್ ಡಯಲ್ ಹಾಕಿ ನಾನೇ ನೋಡಿದೆ: 80.012. ತಿರುಗಿಸಿ ನೋಡಿದೆ, 80.012. ಇನ್ನೂ ತಿರುಗಿಸಿದೆ, ಮುಳ್ಳು ಅಲ್ಲಾಡಲಿಲ್ಲ. ಮೊದಲ ಜಾಬ್‌ಗೇ ಇಷ್ಟು ಚೆಂದ ಬಂತಲ್ಲ ಎಂದು ಕಾಲರ್ ಏರಿಸಿಕೊಂಡು ಜಾಬ್ ಇಳಿಸಿಕೊಟ್ಟೆ. ಎರಡು ನಿಮಿಷಕ್ಕೆ ಹುಡುಗ ವಾಪಸ್ ಬಂದ. “ಸರ್, ಪ್ಲಗ್ ಗೇಜ್ ಒಳಗ ಹೋಗವಲ್ದು ರೀ.”

“ಸರಿಯಾಗಿ ಒರೆಸಿದ್ದೀಯೇನಪ್ಪ?” ಎಂದೆ. ಒರೆಸಿದ್ದ. ನಾನೇ ಹೋಗಿ ಒತ್ತಿದೆ. ಗೋ ಕಡೆಯೇ ಹೋಗಲಿಲ್ಲ. ಮತ್ತೆ ಬೋರ್ ಡಯಲ್ ಹಾಕಿದರೆ ಆಗಲೂ ಎಲ್ಲ ಕಡೆ 80.012.

ಆದದ್ದು ಇಷ್ಟು. ಮೂರು ಜಾ ಮೂರು ಕಡೆ ಗೋಡೆಯನ್ನು ಒಳಕ್ಕೆ ಒತ್ತಿದ್ದವು. ಒತ್ತಿದ ಸ್ಥಿತಿಯಲ್ಲಿ ನಾವು ಅದನ್ನು ಅಪ್ಪಟ ದುಂಡಗೆ ಬೋರ್ ಮಾಡಿದೆವು. ಜಾ ಬಿಟ್ಟ ಕೂಡಲೇ ಆ ಮೂರು ಜಾಗ ಹೊರಕ್ಕೆ ಪುಟಿದವು, ನಡುವಿನ ಮೂರು ಒಳಕ್ಕೆ ಸರಿದವು. ಬೋರ್ ಈಗ ಮೂರು ಮೂಲೆಯ ದುಂಡು. ಇಂಥ ಆಕಾರದ ಚಮತ್ಕಾರವೆಂದರೆ ಎದುರುಬದುರಿನ ಎರಡು ಬಿಂದುಗಳ ನಡುವೆ ಎಲ್ಲಿ ಅಳೆದರೂ ಒಂದೇ ಅಳತೆ ಬರುತ್ತದೆ. ಉಬ್ಬಿನ ಎದುರಿಗೆ ಯಾವಾಗಲೂ ತಗ್ಗು ಇರುತ್ತದಲ್ಲ. ಎರಡೇ ಬಿಂದು ಮುಟ್ಟುವ ಬೋರ್ ಡಯಲ್‌ಗೆ ಅದು ಕಾಣುವುದಿಲ್ಲ. ಪೂರ್ತಿ ದುಂಡಗಿನ ಪ್ಲಗ್ ಗೇಜ್ ಬಂದು ಒಳಕ್ಕೆ ಸರಿದ ಆ ಮೂರು ಜಾಗಗಳಿಗೆ ತಗಲುತ್ತದೆ, ಮೂರು ಬಿಂದುವಿನ ಒಳಮೈಕ್ರೊಮೀಟರ್ ತಿರುಗಿಸಿ ನೋಡಿದರೂ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಹೊರವ್ಯಾಸದಲ್ಲಾದರೆ ಮಾಮೂಲಿ ಮೈಕ್ರೊಮೀಟರ್ ಮೋಸ ಹೋಗುತ್ತದೆ. ವಿ-ಬ್ಲಾಕ್ ಮೇಲಿಟ್ಟು ಡಯಲ್ ಹಿಡಿದು ಉರುಳಿಸಿದರೆ ಗುಟ್ಟು ಹೊರಬರುತ್ತದೆ.

ಪರಿಹಾರಕ್ಕೆ ಎರಡು ದಿನ ಹಿಡಿಯಿತು. ಬಳೆಯ ಹೆಚ್ಚುಕಡಿಮೆ ಇಡೀ ಸುತ್ತಳತೆಯನ್ನು ಅಪ್ಪಿಕೊಳ್ಳುವ ಅಗಲದ ಸಾಫ್ಟ್ ಜಾ ಮಾಡಿಸಿ, ಅದನ್ನು ಜಾಬ್‌ನ ಹೊರವ್ಯಾಸಕ್ಕೆ ಸರಿಯಾಗಿ, ಕೆಲಸ ಮಾಡುವ ಪ್ರೆಶರ್‌ನಲ್ಲೇ, ನಡುವೆ ಒಂದು ರಿಂಗ್ ಕಚ್ಚಿಸಿ ಬೋರ್ ಮಾಡಿದೆವು. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಖಾಲಿ ಜಾ ಬೋರ್ ಮಾಡಿದರೆ ಅದು ಹಿಡಿದಾಗ ಇರುವ ಆಕಾರ ಅಲ್ಲ. ರಫಿಂಗ್‌ಗೆ ಒಂದು ಪ್ರೆಶರ್, ಫಿನಿಶಿಂಗ್‌ಗೆ ಇಳಿಸಿದ ಪ್ರೆಶರ್. ಇಳಿಸಿದಾಗ ಆರ್‌ಪಿಎಂ ಕೂಡ ಇಳಿಸಲೇಬೇಕು, ಅದರ ಕಾರಣ ಕೊನೆಯಲ್ಲಿ ಬರುತ್ತದೆ. ಆ ಹುಡುಗ ಈಗ ಹುಬ್ಬಳ್ಳಿಯಲ್ಲಿ ಸ್ವಂತಕ್ಕೆ ಎರಡು ಮಷಿನ್ ಹಾಕಿಕೊಂಡಿದ್ದಾನೆ. ಸಿಕ್ಕಾಗಲೆಲ್ಲ “ಗೇಜ್ ಹೊಂಟದೇನ್ರೀ ಸರ?” ಎಂದು ಕೆಣಕುತ್ತಾನೆ.

ತಪ್ಪು ಕಲ್ಪನೆ: “ಫಿನಿಶ್ ಬರ್ತಿಲ್ಲ ಅಂದ್ರೆ ಆರ್‌ಪಿಎಂ ಏರಿಸು.”

ವಾಸ್ತವ: ಟರ್ನಿಂಗ್‌ನಲ್ಲಿ ಮೈಯ ಗೆರೆಯ ಆಳವನ್ನು ಮುಖ್ಯವಾಗಿ ತೀರ್ಮಾನಿಸುವುದು ಫೀಡ್ ಮತ್ತು ಟಿಪ್‌ನ ಮೂಗಿನ ರೇಡಿಯಸ್. ಫೀಡ್ ಅನ್ನು ಅದರಿಂದಲೇ ಗುಣಿಸಿ, ರೇಡಿಯಸ್‌ನ ಎಂಟರಷ್ಟರಿಂದ ಭಾಗಿಸಿ. 0.8 ಟಿಪ್, 0.2 ಫೀಡ್ ಆದರೆ ಸುಮಾರು 6 ಮೈಕ್ರಾನ್ ಆಳದ ಗೆರೆ. ಫೀಡ್ 0.1 ಮಾಡಿದರೆ ಒಂದೂವರೆ ಮೈಕ್ರಾನ್. ಅರ್ಧ ಮಾಡಿದರೆ ಕಾಲುಭಾಗ. ಸ್ಪೀಡ್ ತೀರಾ ಕಡಿಮೆಯಿದ್ದು ಲೋಹ ಟಿಪ್‌ಗೆ ಮೆತ್ತಿಕೊಳ್ಳುತ್ತಿದ್ದರೆ ಆರ್‌ಪಿಎಂ ಏರಿಸಿದ್ದು ಫಲ ಕೊಡುತ್ತದೆ, ಅಷ್ಟು ಮಾತ್ರ. ಫಿನಿಶಿಂಗ್‌ಗೆಂದು 0.03, 0.05 ಮಾತ್ರ ಬಿಡುವವರಿಗೂ ಒಂದು ಮಾತು: ಅಷ್ಟು ತೆಳುವನ್ನು ಟಿಪ್ ಕಡಿಯುವುದಕ್ಕಿಂತ ಸವರುವುದೇ ಹೆಚ್ಚು, ಸೈಜ್ ಕೈಗೆ ಸಿಗುವುದಿಲ್ಲ.

ತಪ್ಪು ಕಲ್ಪನೆ: “ಕೂಲಂಟ್ ಎಷ್ಟು ಸುರಿದರೆ ಅಷ್ಟು ಒಳ್ಳೇದು.”

ವಾಸ್ತವ: ಡ್ರಿಲ್ಲಿಂಗ್, ಟ್ಯಾಪಿಂಗ್, ಅಲ್ಯೂಮಿನಿಯಂ, ಸ್ಟೇನ್‌ಲೆಸ್‌ಗೆ ಧಾರಾಳ ಬೇಕು. ಕಾರ್ಬೈಡ್ ಟಿಪ್‌ನ ಫೇಸ್ ಮಿಲ್‌ನಲ್ಲಿ ಸ್ಟೀಲ್ ಕಡಿಯುವಾಗ ಪ್ರತಿ ಟಿಪ್ ಸುತ್ತಿನ ಅರ್ಧ ಉರಿಯುತ್ತದೆ, ಇನ್ನರ್ಧ ಗಾಳಿಯಲ್ಲಿರುತ್ತದೆ. ಆಗ ಅದರ ಮೇಲೆ ಕೂಲಂಟ್ ಬಿದ್ದರೆ ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲು ಬಿರುಕು ಕಾಣುತ್ತವೆ. ಅಂಥ ಕಡೆ ಗಾಳಿ ಬಿಡಿ ಸಾಕು. ಬೀಡು ಕಬ್ಬಿಣವನ್ನೂ ಕೂಲಂಟ್ ಇಲ್ಲದೆಯೇ ಕಡಿಯುವುದು ರೂಢಿ.

ಸುರಿಯುವುದಕ್ಕಿಂತ ಬೆರೆಸುವುದರಲ್ಲೇ ತಪ್ಪು ಹೆಚ್ಚು. ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ಹದ ಕಣ್ಣಳತೆಯಲ್ಲಿ ಸಿಗುವುದಿಲ್ಲ, ರಿಫ್ರ್ಯಾಕ್ಟೊಮೀಟರ್‌ನಲ್ಲಿ ನೋಡಿ, ಬಂದ ಅಂಕಿಯನ್ನು ಡಬ್ಬಿಯ ಮೇಲೆ ಬರೆದ ಗುಣಕದಿಂದ ಗುಣಿಸಿ. ನಮ್ಮ ಬೋರ್‌ವೆಲ್ ನೀರು ಗಡಸು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಟ್ಯಾಂಕ್‌ನಲ್ಲೇ ಉಳಿಯುತ್ತದೆ. ವಾರಗಟ್ಟಲೆ ಅದೇ ನೀರು ತುಂಬಿಸುತ್ತ ಹೋದರೆ ಕೂಲಂಟ್ ಒಡೆದ ಹಾಲಿನಂತಾಗುತ್ತದೆ. ಸೋಮವಾರ ಬೆಳಿಗ್ಗೆ ಶಟರ್ ಎತ್ತಿದಾಗ ಬರುವ ಕೊಳೆತ ಮೊಟ್ಟೆ ವಾಸನೆಯ ಮೂಲ ಸ್ಲೈಡ್‌ವೇ ಎಣ್ಣೆ. ಅದು ಮೇಲೆ ಕೆನೆಗಟ್ಟಿ ಗಾಳಿ ತಡೆಯುತ್ತದೆ, ಕೆಳಗೆ ಬ್ಯಾಕ್ಟೀರಿಯಾ ಹಬ್ಬ ಮಾಡುತ್ತವೆ. ಶನಿವಾರ ಹೋಗುವ ಮುನ್ನ ಕೆನೆ ತೆಗೆದುಹೋಗಿ.

ತಪ್ಪು ಕಲ್ಪನೆ: “ಕ್ಯಾಮ್ ಇದೆ, ಜಿ-ಕೋಡ್ ಕಲಿಯೋದು ವೇಸ್ಟ್.”

ವಾಸ್ತವ: ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಮೊದಲ ಅಂಕಿ ನಿಯಂತ್ರಿತ ಮಿಲ್ಲಿಂಗ್ ಮಷಿನ್ ತೋರಿಸಿದಾಗ ಆಜ್ಞೆಗಳು ತೂತು ಹೊಡೆದ ಟೇಪ್‌ನಲ್ಲಿದ್ದವು. ನಮ್ಮ ಪ್ರೋಗ್ರಾಂಗಳ ತಲೆ ಬಾಲದಲ್ಲಿ ಇಂದಿಗೂ ಕೂತಿರುವ ಶೇಕಡಾ ಚಿಹ್ನೆ ಆ ಟೇಪ್ ಕಾಲದ ಉಳಿಕೆ. ಪ್ರೋಗ್ರಾಂ ಬರೆದುಕೊಡುವ ಕ್ಯಾಮ್ ಸಾಫ್ಟ್‌ವೇರ್ ಎಷ್ಟೇ ಜಾಣ ಆದರೂ ಮಷಿನ್ ಕೈಗೆ ಕೊಡುವುದು ಅದೇ ಹಳೇ ಸಾಲುಗಳನ್ನು.

ಅವನ್ನು ಓದಲು ಬರಬೇಕಾದ ಹೊತ್ತು ರಾತ್ರಿ ಎರಡು ಗಂಟೆ. ಕರೆಂಟ್ ಹೋಗಿ ಬಂದಿರುತ್ತದೆ, ಪ್ರೋಗ್ರಾಂನ ನಟ್ಟನಡುವಿನಿಂದ ಶುರು ಮಾಡಬೇಕು. ಸುಮ್ಮನೆ ಆ ಬ್ಲಾಕ್‌ಗೆ ಹೋಗಿ ಸ್ಟಾರ್ಟ್ ಒತ್ತಿದರೆ ಮೇಲಿನ ಸಾಲುಗಳಲ್ಲಿದ್ದ ವರ್ಕ್ ಆಫ್‌ಸೆಟ್, ಟೂಲ್ ಉದ್ದದ ಜಿ43, ಸ್ಪಿಂಡಲ್ ಯಾವುದನ್ನೂ ಕಂಟ್ರೋಲರ್ ಓದಿರುವುದಿಲ್ಲ. ಪ್ರತಿ ಟೂಲ್‌ನ ಆರಂಭದಲ್ಲಿ ಜಿ40, ಜಿ49, ಜಿ80, ಜಿ90 ಇರುವ ಒಂದು ಸುರಕ್ಷತಾ ಸಾಲು, ವರ್ಕ್ ಆಫ್‌ಸೆಟ್, ಟೂಲ್ ಕರೆ, ಎಲ್ಲವೂ ಹೊಸದಾಗಿ ಬರುವಂತೆ ಬರೆಸಿಡಿ. ಶುರು ಮಾಡುವುದಾದರೆ ಟೂಲ್‌ನ ತಲೆಯಿಂದಲೇ ಮಾಡಿ.

ಟ್ಯಾಪಿಂಗ್‌ನಲ್ಲೂ ಹಾಗೇ. ಎಂ8 ಟ್ಯಾಪ್‌ನ ಪಿಚ್ 1.25. 400 ಆರ್‌ಪಿಎಂ ಇದ್ದರೆ ಫೀಡ್ 500 ಇರಲೇಬೇಕು. ಮಷಿನ್ ಮುಂದೆ ನಿಂತು ಆರ್‌ಪಿಎಂ ಅನ್ನು 600 ಮಾಡಿ, ಫೀಡ್ ಅನ್ನು 750ಕ್ಕೆ ಏರಿಸುವುದನ್ನು ಮರೆತರೆ ಟ್ಯಾಪ್ ಒಳಗೇ ಉಳಿಯುತ್ತದೆ. ಗುಣಾಕಾರ ಗೊತ್ತಿದ್ದವನಿಗೆ ಇದು ಹತ್ತು ಸೆಕೆಂಡಿನ ಕೆಲಸ.

ತಪ್ಪು ಕಲ್ಪನೆ: “ಕಟಿಂಗ್ ಟೈಮ್ ಇಳಿಸಿದರೇನೇ ಲಾಭ.”

ವಾಸ್ತವ: ಸಾವಿರಗಟ್ಟಲೆ ಪೀಸ್ ಇದ್ದರೆ ಹೌದು. ನಮ್ಮ ಸಣ್ಣ ಶಾಪ್‌ಗಳಿಗೆ ಬರುವುದು ಇಪ್ಪತ್ತು, ಐವತ್ತು. ಇಪ್ಪತ್ತು ಪೀಸ್, ಒಂದೊಂದಕ್ಕೆ 6 ನಿಮಿಷ ಕಟಿಂಗ್, ಸೆಟಿಂಗ್‌ಗೆ ಒಂದೂವರೆ ಗಂಟೆ ಎಂದುಕೊಳ್ಳಿ. ಟೂಲ್ ಹಿಂಡಿ 10 ಪರ್ಸೆಂಟ್ ಇಳಿಸಿದರೆ ಒಟ್ಟು ಉಳಿತಾಯ 12 ನಿಮಿಷ. ಜಾ, ಟೂಲ್, ಗೇಜ್, ಡ್ರಾಯಿಂಗ್ ಎಲ್ಲ ಒಂದು ಟ್ರೇನಲ್ಲಿ ಮೊದಲೇ ಜೋಡಿಸಿಟ್ಟು ಸೆಟಿಂಗ್ ಅರ್ಧ ಮಾಡಿದರೆ 45 ನಿಮಿಷ. ಆರನೇ ನಂಬರ್ ಅಲೆನ್ ಕೀ ಹುಡುಕಿಕೊಂಡು ಶಾಪ್ ಸುತ್ತುವ ಹೊತ್ತನ್ನು ಯಾವ ಕ್ಯಾಟಲಾಗೂ ಲೆಕ್ಕ ಹಾಕಿಲ್ಲ.

ತಪ್ಪು ಕಲ್ಪನೆ: “ಬಾಗಿಲು ತೆರೆದಿಟ್ಟು ಓಡಿಸಿದರೆ ಕೆಲಸ ಚೆನ್ನಾಗಿ ಕಾಣುತ್ತೆ, ಏನೂ ಆಗಲ್ಲ.”

ವಾಸ್ತವ: ಏನಾಗುತ್ತದೆ ಎಂದು ಲೆಕ್ಕದಲ್ಲೇ ನೋಡಿ. ಲೇತ್‌ನಲ್ಲಿ ಜಿ96 ಹಾಕಿ 200 ಕೊಟ್ಟಿದ್ದೀರಿ, ಮೇಲ್ಮೈ ವೇಗ ನಿಮಿಷಕ್ಕೆ 200 ಮೀಟರ್ ಒಂದೇ ಸಮ ಇರಬೇಕೆಂದು. ಮುಖ ಫೇಸ್ ಮಾಡುತ್ತ ಟೂಲ್ ಒಳಕ್ಕೆ ಬರುತ್ತದೆ. 50 ಮಿ.ಮೀ. ವ್ಯಾಸದಲ್ಲಿ ಸ್ಪಿಂಡಲ್ 1270 ಸುತ್ತುತ್ತದೆ. 10 ಮಿ.ಮೀ.ಗೆ ಬಂದಾಗ 6360 ಕೇಳುತ್ತದೆ. ಕೇಂದ್ರಕ್ಕೆ ಬಂದರೆ ಕೇಳುವುದಕ್ಕೆ ಮಿತಿಯೇ ಇಲ್ಲ, ಮಷಿನ್ ತನ್ನಿಂದಾದಷ್ಟೂ ಓಡುತ್ತದೆ. ಸುತ್ತು ಏರಿದಷ್ಟೂ ಚಕ್‌ನ ಜಾಗಳನ್ನು ಅವುಗಳದೇ ತೂಕ ಹೊರಕ್ಕೆ ಎಳೆಯುತ್ತದೆ, ಹಿಡಿತ ಸಡಿಲವಾಗುತ್ತದೆ. ತೆಳು ಜಾಬ್‌ಗೆಂದು ಪ್ರೆಶರ್ ಇಳಿಸಿದ್ದರಂತೂ ಕೇಳುವುದೇ ಬೇಡ. ಪ್ರೋಗ್ರಾಂ ತಲೆಯಲ್ಲಿ ಜಿ50 ಹಾಕಿ ಗರಿಷ್ಠ ಸುತ್ತನ್ನು ಕಟ್ಟಿಹಾಕುವುದು ಇದಕ್ಕೇ. ಆ ಮಿತಿ ಮಷಿನ್‌ನದ್ದಾಗಿರಬಾರದು, ಆ ಚಕ್ ಮತ್ತು ಆ ಜಾಬ್‌ಗೆ ತಕ್ಕದ್ದಾಗಿರಬೇಕು.

ಜಿ50 ಮರೆತ ಒಂದು ಮಧ್ಯಾಹ್ನ, ಎರಡು ಕೆ.ಜಿ.ಯ ಫ್ಲ್ಯಾಂಜ್ ಒಂದು ಚಕ್ ಬಿಟ್ಟು ಬಾಗಿಲಿಗೆ ಬಡಿದದ್ದನ್ನು ನಾನು ನೋಡಿದ್ದೇನೆ. ಬಾಗಿಲು ಮುಚ್ಚಿತ್ತು. ಶೀಟ್ ಬೋಗುಣಿಯಂತೆ ಹೊರಕ್ಕೆ ಉಬ್ಬಿತು, ಆಪರೇಟರ್ ನಡುಗುತ್ತ ನಿಂತಿದ್ದ, ಸಂಜೆ ಮನೆಗೆ ಹೋದ. ಅದೇ ಶಾಪ್‌ನ ಇನ್ನೆರಡು ಮಷಿನ್‌ಗಳಲ್ಲಿ ಬಾಗಿಲಿನ ಇಂಟರ್‌ಲಾಕ್‌ಗೆ ಜಂಪರ್ ವೈರ್ ಹಾಕಿ, ತೆರೆದೇ ಓಡಿಸುವ ಪದ್ಧತಿ ಇತ್ತು. ಮರುದಿನ ಬೆಳಿಗ್ಗೆ ಯಾರೂ ಹೇಳದೆ ಎರಡೂ ವೈರ್ ಮಾಯವಾಗಿದ್ದವು. ಬಾಗಿಲಿನ ಪಾಲಿಕಾರ್ಬೊನೇಟ್ ಕಿಟಕಿಯೂ ವರ್ಷಗಳ ಕಾಲ ಕೂಲಂಟ್ ಕುಡಿದು ಪೆಡಸಾಗುತ್ತದೆ, ಮಂಕಾಗಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ತಿರುಗುವ ಸ್ಪಿಂಡಲ್ ಹತ್ತಿರ ಕೈಗವಸು ಬೇಡ, ಬೆರಳಿಗೆ ಸುತ್ತಿದ ಎಮರಿ ಪೇಪರ್ ಬೇಡವೇ ಬೇಡ.

ನಿಮ್ಮ ಶಾಪ್‌ನಲ್ಲಿ ಅಂಥ ಜಂಪರ್ ವೈರ್ ಒಂದಿದ್ದರೆ, ಇದನ್ನು ಓದಿ ಮುಗಿಸಿದ ಮೇಲೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಅವನು ಬಂದು ಅದನ್ನು ಕಿತ್ತುಹಾಕಲು ಐದು ನಿಮಿಷ ಸಾಕು.